ಹೆಚ್ಚಾದ ನೀರು ನಿಲ್ಲಿಸುವ ಅರ್ಜಿ

ಕನ್ನಡದ ಅರ್ಜಿಯನ್ನು ನೇರವಾಗಿ ಇಂಗ್ಲಿಷಿಗೆ ತರ್ಜುಮೆ ಮಾಡಿದರೆ ನಡುವಿನ ಮರಾಠಿ, ಉರ್ದು ಭಾಷೆಗಳಿಗೆ ಅವಮಾನವಾಗುತ್ತದೆಂದು ಸವಣೂರಿನ ತರ್ಜುಮೆ ಕಚೇರಿ ೧೯೩೮ರಲ್ಲಿ ಠರಾವು ಮಾಡಿತು. ಲಾಹೋರದಿಂದ ರಂಗೂನಿನ ತನಕ ಕಚೇರಿಗಳನ್ನು ಕಂಡ ನನಗೂ ಇಷ್ಟು ಸಭ್ಯವಾದ ನಿಯಮ ಬೇರೆಲ್ಲೂ ಸಿಕ್ಕಿಲ್ಲ.

ಆ ಬೇಸಿಗೆ ಎಲೆತೋಟದ ಅನ್ನವ್ವ ಒಂದೇ ಸಾಲಿನ ಅರ್ಜಿ ಬರೆಸಿದಳು: ಬಳ್ಳಿ ಒಣಗುತ್ತಿವೆ, ಕೆರೆಯ ತೂಬು ತೆಗೆದು ನೀರು ಬಿಡಿರಿ.

ಮೊದಲ ಸಾಲಿನಲ್ಲೇ ಬೇಡುವುದು ಒರಟುತನವೆಂದು, ಮರಾಠಿಗೆ ತಂದ ಜಯತೀರ್ಥಾಚಾರ್ಯರು ಮೇಲೆ, ಅರ್ಜಿ ಮಂಜೂರು ಮಾಡುವ ಇಂಗ್ಲಿಷ್ ಸಾಹೇಬರ ಸ್ತುತಿ ಸೇರಿಸಿದರು. ತಮ್ಮ ಭಾಷೆ ಅದಬು-ಮರ್ಯಾದೆಯಲ್ಲಿ ಹಿಂದೆ ಬೀಳಬಾರದೆಂದು, ಉರ್ದುವಿಗೆ ತಂದ ಮುನ್ಶಿ ಮಹಮ್ಮದಗೌಸರು ಅದರ ದುಪ್ಪಟ್ಟು ಸೇರಿಸಿದರು. ಇಂಗ್ಲಿಷ್ ಗುಮಾಸ್ತನಿಗೆ ಮಂಜೂರಾಗಿದ್ದು ಒಂದೇ ಹಾಳೆ. ಸಾಹೇಬರ ಸ್ತುತಿಗೆ ಕತ್ತರಿ ಹಾಕುವ ಧೈರ್ಯ ಯಾರಿಗುಂಟು? ಬಳ್ಳಿಗೆ ಹಾಕಿದ. ಸ್ತುತಿಯ ಬಾಲಕ್ಕೆ ನೀರು ಎಂಬ ಮಾತೊಂದನ್ನು ಉಳಿಸಿದ.

ಸಾಹೇಬರ ಉತ್ತರ ಬಂತು: “ನೀರಿಗಾಗಿ ಸಲ್ಲಿಸಿದ ಕೃತಜ್ಞತೆಯನ್ನು ಸಂತೋಷದಿಂದ ಸ್ವೀಕರಿಸಲಾಗಿದೆ.”

ಅನ್ನವ್ವ ಕಚೇರಿಗೆ ಓಡಿ ಬಂದಳು. “ಆಚಾರ್ರ, ನಾ ನೀರು ಕೇಳೇನ್ರಿ. ಉಪಕಾರ ಆತು ಅಂತ ಯಾವಾಗ ಅಂದೆ?”

“ಕನ್ನಡದಾಗ ಅಂದಿಲ್ಲ, ಇಂಗ್ಲಿಷಿನ್ಯಾಗ ಅಂದಿ. ಸಾಹೇಬ್ರು ಸ್ವೀಕಾರ ಮಾಡ್ಯಾರ. ಅಂದಮ್ಯಾಲ ನೀರು ಬಂದದ.”

“ತ್ವಾಟಕ್ಕ ಬಂದು ನೋಡ್ರಿ, ನೆಲ ಸೀಳೇತಿ. ಇನ್ನೊಂದು ವಾರಕ್ಕ ಬಳ್ಳಿ ಉಳಿಯೂದಿಲ್ಲ.”

“ಸೀಳಿದ್ದು ತರ್ಜುಮೆ ಆಗಿ ಬರಲಿ, ನೋಡೂಣು,” ಎಂದರು ಮುನ್ಶಿಯವರು, ಆಕೆಯ ತೋಟದ ಎಲೆಗೇ ಸುಣ್ಣ ಹಚ್ಚುತ್ತ.

ಉಪಕಾರ ಸ್ಮರಿಸಿದವರು ಅದನ್ನೇ ಮತ್ತೆ ಬೇಡುವುದು ಕೃತಘ್ನತೆ. ಅದಕ್ಕೆ ಕಲಮು ಇತ್ತು. ಎಲೆ ಅಗಿದ ಮೇಲೆ ಮುನ್ಶಿಯವರಿಗೆ ಕರುಣೆ ಬಂತು. “ನೀರು ಹೆಚ್ಚಾತು, ನಿಂದ್ರಸ್ರಿ ಅಂತ ಬರಿಸವಾ. ಅದಕ್ಕ ಅಡ್ಡಿ ಇಲ್ಲ.”

ಬರೆಸಿದಳು. ತೂಬು ತಕ್ಷಣ ಮುಚ್ಚತಕ್ಕದ್ದೆಂದು ಹುಕುಂ ಬಂತು.

“ಮುಚ್ಚಿದ್ದನ್ನ ಹೆಂಗ ಮುಚ್ಚಲ್ರಿ?” ಎಂದ ಕೆರೆ ಕಾಯುವ ಉಳಿವೆಪ್ಪ.

ಕಚೇರಿ ವಿಚಾರ ಮಾಡಿ ತಿಳಿಸಿತು: ಮೊದಲು ತೆರೆಯತಕ್ಕದ್ದು, ಬಳಿಕ ಪಂಚರ ಸಮಕ್ಷಮ ಮುಚ್ಚತಕ್ಕದ್ದು. ತೆರೆದದ್ದು ಮುಂಜಾನೆ. ಪಂಚರು ಶಿಗ್ಗಾವಿಯಿಂದ ಚಕ್ಕಡಿಯಲ್ಲಿ ಬಂದು, ಊಟ ಮುಗಿಸಿ, ದಾರಿಯ ತಿಂಡಿಗೆ ಸವಣೂರು ಖಾರದ ಪೊಟ್ಟಣ ಕಟ್ಟಿಸಿಕೊಂಡು ಕೆರೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಬಳ್ಳಿ ಬದುಕಿದವು.

ಈಗ ಅದೇ ರಿವಾಜು. ಹಿರೇಕೆರೂರಿನವರು ಶಾಲೆ ಹೆಚ್ಚಾದವೆಂದು ದೂರಿ ಒಂದು ಶಾಲೆ ಪಡೆದರು. ಮುಚ್ಚುವ ಪಂಚರು ಇನ್ನೂ ದಾರಿಯಲ್ಲಿದ್ದಾರೆ. ಹಾನಗಲ್ಲಿನವರು ಡಾಕ್ಟರರ ಕಾಟ ತಾಳಲಾರೆವೆಂದು ಬರೆಸುತ್ತಿದ್ದಾರೆ.

ತೂಬು ತೆರೆದ ಮುಂದಿನ ತಿಂಗಳೇ ಅನ್ನವ್ವ ಮತ್ತೆ ಬಂದಿದ್ದಳು.

“ಮತ್ತ ಹೆಚ್ಚಾತೇನವಾ?” ಎಂದರು ಆಚಾರ್ಯರು, ಲೇಖಣಿ ಅದ್ದಿ.

ಆಕೆ ಕಾಲಿನ ಧೂಳನ್ನು ಹೊಸ್ತಿಲ ಹೊರಗೆ ಝಾಡಿಸಿದಳು.

“ಮುಳುಗಾಕತ್ತೇವ್ರಿ.”