ತೋಕುಜಿಯ ಪಾಲಿಗೆ ಬಂದ ಅಕ್ಷರ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ತಾರುಮಿ ಕೇರಿಯ ಸಮುದಾಯ ಭವನದಲ್ಲಿ ಲಾಂಡ್ರಿ ತೋಕುಜಿ ಬಿಸ್ಕತ್ತಿನ ಡಬ್ಬಿಯೊಳಗೆ ಕೈ ಹಾಕಿ ಒಂದು ಚೀಟಿ ಎತ್ತಿದ. ಬಿಡಿಸಿ ನೋಡಿದ. ತಲೆಕೆಳಗಾಗಿ ಹಿಡಿದಿದ್ದೇನೆ ಅನ್ನಿಸಿ ತಿರುಗಿಸಿದ. ಆಗ ಅದು ಅಕ್ಷರದ ಹಾಗೇ ಕಾಣಲಿಲ್ಲ. ಮತ್ತೆ ನೆಟ್ಟಗೆ ಮಾಡಿದ. ‘ನ್’.

ಪಕ್ಕದಲ್ಲಿದ್ದ ಕ್ಷೌರದ ಸುಗವಾರ ಇಣುಕಿ ನೋಡಿ, ಸತ್ತವರ ಮನೆಯಲ್ಲಿ ಮಾಡುವ ಹಾಗೆ ತೋಕುಜಿಯ ಬೆನ್ನು ಸವರಿದ.

ಜಪಾನಿನ ವರ್ಣಮಾಲೆಯಲ್ಲಿ ‘ನ್’ ಕಟ್ಟಕಡೆಯ ಅಕ್ಷರ. ಪದದ ನಡುವೆ ಬರುತ್ತದೆ, ಕೊನೆಯಲ್ಲಿ ಬರುತ್ತದೆ. ಮೊದಲಲ್ಲಿ ಬರುವುದಿಲ್ಲ. ಕನ್ನಡದಲ್ಲಿ ‘ಣ’ದಿಂದ ಶುರುವಾಗುವ ಹಾಡು ಹುಡುಕು ಅಂದರೆ ಹೇಗೋ ಹಾಗೆ.

ಇದೆಲ್ಲ ಕೇರಿ ಸಂಘದ ಅಧ್ಯಕ್ಷ ನರಿತಾ ಮೇಷ್ಟ್ರ ತಲೆಯಿಂದ ಬಂದದ್ದು. ಭತ್ತದ ಕೊಯ್ಲು ಮುಗಿದು ಹಿಮ ಬೀಳುವುದರೊಳಗೆ ಕೇರಿಯವರೆಲ್ಲ ಸೇರಿ ಕರೋಕೆ ಹಾಡುವುದು ವಾಡಿಕೆ. ವರ್ಷವೂ ಅದೇ ಜನ, ಅದೇ ನಾಲ್ಕು ಹಾಡು. ಬೇಸತ್ತ ಮೇಷ್ಟ್ರು ಹೊಸ ನಿಯಮ ತಂದರು. ಕರೋಕೆ ಪುಸ್ತಕದಲ್ಲಿ ಹಾಡುಗಳನ್ನು ಹೆಸರಿನ ಮೊದಲ ಅಕ್ಷರದ ಪ್ರಕಾರ ಜೋಡಿಸಿರುತ್ತಾರಲ್ಲ, ಅದೇ ಪ್ರಕಾರ ಮನೆಗೊಂದು ಅಕ್ಷರ. ಅಕ್ಷರಗಳು ನಲವತ್ತಾರು, ಕೇರಿಯ ಮನೆಗಳೂ ನಲವತ್ತಾರು. ಯಾರಿಗೆ ಯಾವ ಅಕ್ಷರ ಬರುತ್ತದೋ ಆ ಅಕ್ಷರದ ಹಾಡು, ವರ್ಣಮಾಲೆಯ ಕ್ರಮದಲ್ಲೇ. ಹಾಡದವರು ಮುಂದಿನ ವರ್ಷ ಸಂಘದ ಅಧ್ಯಕ್ಷರು.

ಕೊನೆಯ ವಾಕ್ಯವನ್ನು ಯಾರೂ ಓದಿರಲಿಲ್ಲ. ಸುತ್ತೋಲೆ ಮನೆಮನೆಗೆ ಬಂದಾಗ ಎಲ್ಲರೂ ಓದಿದ್ದೇವೆಂದು ಮನೆಯ ಮುದ್ರೆ ಒತ್ತಿ ಪಕ್ಕದ ಮನೆಗೆ ದಾಟಿಸಿದ್ದರು. ತಾರುಮಿಯಲ್ಲಿ ಅಧ್ಯಕ್ಷಗಿರಿಯೆಂದರೆ ಮುಳ್ಳಿನ ಕುರ್ಚಿ. ಯಾರ ಮನೆಯ ಹಿಮವನ್ನು ಯಾರ ಬಾಗಿಲಿಗೆ ತಳ್ಳಿದರು, ಬುಧವಾರದ ಕಸದಲ್ಲಿ ಶುಕ್ರವಾರದ ಬಾಟಲಿ ಹಾಕಿದ್ದು ಯಾರು, ಬೆಕ್ಕಿಗೆ ಮೀನಿನ ತಲೆ ಹಾಕುವುದು ಸರಿಯೋ ತಪ್ಪೋ, ಎಲ್ಲ ಅಧ್ಯಕ್ಷರ ಮನೆಗೇ ಬರಬೇಕು. ಯಾರೂ ಒಪ್ಪದೆ ಮೇಷ್ಟ್ರು ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತು ಬೆಂದಿದ್ದರು.

ತೋಕುಜಿ ಚೀಟಿ ತೋರಿಸಿ, ಇದರಲ್ಲಿ ಹಾಡೇ ಇಲ್ಲವಲ್ಲ ಅಂದ. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

“ನಲವತ್ತು ವರ್ಷ ಮಕ್ಕಳಿಗೆ ವರ್ಣಮಾಲೆ ಕಲಿಸಿದೀನಿ ತೋಕುಜಿ. ಒಂದಕ್ಷರ ಬಿಟ್ಟು ಬರೀ ಅಂದ್ರೆ ನನ್ನ ಕೈ ಓಡಲ್ಲ.”

ಕರೋಕೆ ಪುಸ್ತಕ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ. ತೋಕುಜಿ ಕೊನೆಯಿಂದ ತಿರುವಿದ. ‘ವ’ ಮುಗಿದ ಕೂಡಲೇ ರಟ್ಟು. ಯಂತ್ರದಲ್ಲಿ ಇಲ್ಲದ ಹಾಡಾದರೆ ಬಾಯಲ್ಲೇ ಹಾಡಬಹುದು, ಚಪ್ಪಾಳೆಯ ತಾಳ ಸಂಘದ ಕಡೆಯಿಂದ ಉಚಿತ ಎಂದು ಮೇಷ್ಟ್ರು ಔದಾರ್ಯ ತೋರಿದರು.

ಹಾಡು ಶುರುವಾಗುವುದು ಹನ್ನೆರಡಕ್ಕೆ. ತೋಕುಜಿ ಅದಲುಬದಲಿಗೆ ಹೊರಟ. ಹೂವಿನಂಗಡಿಯ ಮೊಗಾಮಿ ಅಮ್ಮನಿಗೆ ‘ಶಿ’ ಬಂದಿತ್ತು. ಪುಸ್ತಕದಲ್ಲಿ ‘ಶಿ’ಯ ಹಾಡುಗಳು ಪುಟಗಟ್ಟಲೆ. ಆಕೆ ಆಗಲೇ ಜಮೀನ್ದಾರರ ಸೊಸೆಯ ಹಾಗೆ ಓಡಾಡುತ್ತಿದ್ದಳು. ಹೊಸ ವರ್ಷದ ತನಕ ನಿಮ್ಮ ಮನೆಯ ಬಟ್ಟೆಗೆಲ್ಲ ಪುಕ್ಕಟೆ ಇಸ್ತ್ರಿ ಅಂದ. ಆಕೆ ಯೋಚಿಸಿ, ಸುಕ್ಕಿನ ಬಟ್ಟೆ ಉಟ್ಟುಕೊಂಡೇ ಬದುಕಬಹುದು, ಅಧ್ಯಕ್ಷೆಯಾಗಿ ಬದುಕಲಾಗದು ಅಂದಳು. ಸುಗವಾರನಿಗೆ ಬಂದದ್ದು ವರ್ಣಮಾಲೆಯಲ್ಲಿ ಎರಡನೆಯ ಸಲ ಬರುವ ‘ಒ’. ಅದರಲ್ಲೂ ಹಾಡಿಲ್ಲ. ಆದರೆ ಅವನು ಮೇಷ್ಟ್ರ ಹತ್ತಿರ ಅರ್ಧ ಗಂಟೆ ವಾದಿಸಿ, ಕಿವಿಗೆ ಒಂದೇ ಕೇಳುವುದರಿಂದ ಮೊದಲನೆಯ ‘ಒ’ದ ಹಾಡು ನಡೆಯುತ್ತದೆಂದು ಒಪ್ಪಿಸಿಕೊಂಡಿದ್ದ. ನಿಮ್ಮದಕ್ಕೂ ಏನಾದರೂ ವಾದ ಹುಡುಕಿ ಎಂದು ಸಲಹೆ ಕೊಟ್ಟ.

ಸಲಹೆಗೇನೂ ಬರ ಇರಲಿಲ್ಲ. ಆಫ್ರಿಕಾದಲ್ಲಿ ‘ನ್’ನಿಂದ ಶುರುವಾಗುವ ಊರಿದೆ, ನ್ಜಮೇನಾ ಅಂತ ಎಂದು ಹೈಸ್ಕೂಲಿನ ಹುಡುಗಿಯೊಬ್ಬಳು ಹೇಳಿದಳು. ತೋಕುಜಿ ಸೈಕಲ್ ತುಳಿದು ಲೈಬ್ರರಿಗೆ ಓಡಿದ. ಊರು ನಿಜವಾಗಿಯೂ ಇತ್ತು. ಚಾಡ್ ದೇಶದ ರಾಜಧಾನಿ, ಜನಸಂಖ್ಯೆ, ನದಿ, ಹವಾಮಾನ ಎಲ್ಲ ಇತ್ತು. ಹಾಡು ಇರಲಿಲ್ಲ. ಹವಾಮಾನವನ್ನೇ ರಾಗವಾಗಿ ಓದಿದರೆ ಹೇಗೆ ಎಂದು ಯೋಚಿಸುತ್ತ ಹಿಂದಿರುಗಿದ.

ಮನೆಯಲ್ಲಿ ಹೆಂಡತಿ ಮಿಸಾಯೆ ಬಾಗಿಲಲ್ಲೇ ನಿಂತಿದ್ದಳು.

“ನೀವು ಅಧ್ಯಕ್ಷರಾದ್ರೆ ಬರೋ ಜನಕ್ಕೆಲ್ಲ ಚಹಾ ಮಾಡೋಳು ನಾನು. ಹಾಗೇನಾದ್ರೂ ಆದ್ರೆ ಹಿಮ ಕರಗೋ ತನಕ ತವರಲ್ಲಿರ್ತೀನಿ.”

ತೋಕುಜಿಗೆ ಉಳಿದದ್ದು ಕಾಯಿಲೆಯೊಂದೇ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿದ. ಸುದ್ದಿ ಹಬ್ಬಲು ಹತ್ತು ನಿಮಿಷ ಸಾಕಾಯಿತು. ಒಬ್ಬರು ಸುಟ್ಟ ಈರುಳ್ಳಿ ಗಿಡದ ದಂಟು ತಂದು ಬಿಸಿಬಿಸಿಯಾಗಿ ಅವನ ಕುತ್ತಿಗೆಗೆ ಕಟ್ಟಿದರು. ಇನ್ನೊಬ್ಬರು ಜೇನಲ್ಲಿ ನೆನೆದ ಮೂಲಂಗಿ ತಿನ್ನಿಸಿದರು. ಮೊಗಾಮಿ ಅಮ್ಮ ಏಳು ವರ್ಷ ಹಳೆಯ ಉಪ್ಪಿನಕಾಯಿ ತಂದು ಬಾಯಿಗೆ ತುರುಕಿದಳು. ಕೊನೆಗೆ ಡಾಕ್ಟರಮ್ಮ ಬಂದು ಟಾರ್ಚು ಬಿಟ್ಟು ನೋಡಿ, ಇಷ್ಟು ಚೆಂದದ ಗಂಟಲನ್ನು ಈ ವರ್ಷ ನಾನು ನೋಡೇ ಇಲ್ಲ ಎಂದು ಎಲ್ಲರ ಮುಂದೆ ಮೆಚ್ಚಿಕೊಂಡಳು. ತೋಕುಜಿ ಮರ್ಯಾದೆಯ ಜೊತೆಗೆ ದಂಟನ್ನೂ ಬಿಚ್ಚಿಟ್ಟ. ವಾಸನೆ ಮಾತ್ರ ಉಳಿಯಿತು.

ಅಷ್ಟರಲ್ಲಿ ಭವನದ ಧ್ವನಿವರ್ಧಕ ಗದ್ದಲ ಶುರುಮಾಡಿತ್ತು. ಪ್ರತಿ ಹಾಡಿಗೂ ಮುಂಚೆ ಮೇಷ್ಟ್ರು ಅಕ್ಷರ ಕೂಗುತ್ತಿದ್ದರು. ‘ಅ’, ‘ಇ’, ‘ಉ’. ಇಡೀ ಕೇರಿಗೆ ಕೇಳುತ್ತಿತ್ತು. ‘ಶಿ’ ಬಂದಾಗ ಮೊಗಾಮಿ ಅಮ್ಮ ಇದ್ದಬದ್ದ ಉಸಿರನ್ನೆಲ್ಲ ಸುರಿದಳು. ತೋಕುಜಿಗೆ ಒಂದೊಂದು ಅಕ್ಷರವೂ ಕಾಲಡಿಯ ಒಂದೊಂದು ಮೆಟ್ಟಿಲು ತೆಗೆದ ಹಾಗಾಗುತ್ತಿತ್ತು. ಅಂಗಡಿಯಲ್ಲಿ ಕೂರಲಾಗದೆ, ಇಸ್ತ್ರಿಯಾದ ಒಂದು ನಿಲುವಂಗಿ ಹಿಡಿದು ಮೀನಂಗಡಿಗೆ ಹೊರಟ. ಅದು ಅಂಗಡಿಯ ಸೆತ್ಸು ಅಜ್ಜಿಯದು. ಮಗ ಹಾಡಲು ಹೋಗಿದ್ದರಿಂದ ತೊಂಬತ್ತೊಂದರ ಅಜ್ಜಿಯೇ ವ್ಯಾಪಾರಕ್ಕೆ ಕೂತಿದ್ದಳು.

ಭವನದಲ್ಲಿ ‘ಮಿ’ ನಡೆಯುತ್ತಿತ್ತು, ಇನ್ನುಳಿದದ್ದು ಹದಿನಾಲ್ಕೇ ಅಕ್ಷರ.

“ಅಜ್ಜಿ, ಇದು ನಿಮ್ದೇ ತಾನೆ?”

ಅಜ್ಜಿ ಬಂಗಡೆ ಮೀನಿನ ಮೇಲಿಂದ ನೊಣ ಓಡಿಸುತ್ತ ಅಂದಳು: “ನ್ದ.”

ತಾರುಮಿಯಿರುವ ಅಕಿತಾ ಸೀಮೆಯಲ್ಲಿ ಹೌದು ಅನ್ನುವುದಕ್ಕೆ ಹೇಳುವುದೇ ಹಾಗೆ, ನ್ದ. ಬೆಳಗಿನಿಂದ ತೋಕುಜಿಯೇ ನೂರು ಸಲ ಅಂದಿದ್ದ, ಸಲಹೆ ಕೊಟ್ಟವರೆಲ್ಲ ಇನ್ನೂರು ಸಲ ಅಂದಿದ್ದರು. ಬಾಯಿ ಆಡಿದ್ದನ್ನು ಯಾರ ಕಿವಿಯೂ ಕೇಳಿಸಿಕೊಂಡಿರಲಿಲ್ಲ. ತೋಕುಜಿ ನಿಲುವಂಗಿಯನ್ನು ಮೀನಿನ ಮೇಲೆ ಬೀಳಿಸಿ, ಅಜ್ಜಿಯ ಎರಡೂ ಕೈ ಹಿಡಿದುಕೊಂಡ. ನ್ದ ಅಂತ ಶುರುವಾಗುವ ಹಾಡೇನಾದರೂ ಇದೆಯಾ ಎಂದು ಕೇಳುವಾಗ ಅವನ ದನಿ ನಿಜವಾಗಿಯೂ ಕಟ್ಟಿತ್ತು.

ಇತ್ತು. ಅಜ್ಜಿ ಹುಡುಗಿಯಾಗಿದ್ದಾಗ ನಾಟಿ ಗದ್ದೆಯಲ್ಲಿ ಹೆಂಗಸರು ಹಾಡುತ್ತಿದ್ದದ್ದು, ಹೆಸರೇ ‘ನ್ದ ನ್ದ’. ಒಬ್ಬಳು ಕೇಳುತ್ತಾಳೆ, ಮಿಕ್ಕವರು ಹೌದೆನ್ನುತ್ತಾರೆ, ಅಷ್ಟೇ. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಹೇಳಿಕೊಟ್ಟಳು. ಹೊರಗೆ ‘ಯ’ ಬಂತು, ‘ಯು’ ಬಂತು. ‘ರ’ ಬರುವಷ್ಟರಲ್ಲಿ ತೋಕುಜಿಗೆ ಹಾಡು ಬಾಯಿಗೆ ಬಂದಿತ್ತು. ಸಾಕ್ಷಿಗೆ ಇರಲಿ ಎಂದು ಅಜ್ಜಿಯನ್ನು ಮೀನಿನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಓಡಿದ. ದಾರಿಯುದ್ದಕ್ಕೂ ಅಜ್ಜಿ ಕೈ ಬೀಸುತ್ತಿದ್ದಳು.

ಒಳಗೆ ಕಾಲಿಟ್ಟಾಗ ಸುಗವಾರ ತನ್ನ ‘ಒ’ ಮುಗಿಸಿ ಬಾಗುತ್ತಿದ್ದ. ಮೇಷ್ಟ್ರು ಆಗಲೇ ಹೊಸ ಅಧ್ಯಕ್ಷರಿಗೆ ಒಪ್ಪಿಸಲೆಂದು ಸಂಘದ ದಪ್ಪ ಮುದ್ರೆಯನ್ನು ಒರೆಸಿ ಮೇಜಿನ ಮೇಲಿಟ್ಟಿದ್ದರು. ತೋಕುಜಿ ಏದುಸಿರು ಬಿಡುತ್ತ ವೇದಿಕೆ ಹತ್ತಿ ಹಾಡಿನ ಹೆಸರು ಹೇಳಿದ. ನಲವತ್ತೈದು ಮನೆಯವರೂ ಒಟ್ಟಿಗೆ ಹಣೆ ಚಚ್ಚಿಕೊಂಡರು. ಮೇಷ್ಟ್ರ ಮುಖ ಸಪ್ಪಗಾಯಿತು. ಅಂಥ ಹಾಡು ಉಂಟೇ ಎಂದು ಕೇಳಿದರು. ಉಂಟು, ನಿಮ್ಮಮ್ಮನೂ ಹಾಡಿದ್ದಳು ಅಂದಳು ಸೆತ್ಸು ಅಜ್ಜಿ.

ತೋಕುಜಿ ಶುರುಮಾಡಿದ.

“ಕೆಸರು ತಣ್ಣಗಿದೆಯೇನೆ?”

“ನ್ದ ನ್ದ,” ಅಂದರು ಮುಂದಿನ ಸಾಲಿನ ಮುದುಕಿಯರು.

“ಅತ್ತೆ ಮನೇಲಿಲ್ಲವೇನೆ?”

“ನ್ದ ನ್ದ,” ಅಂದಿತು ಅರ್ಧ ಸಭೆ.

“ಹಾಗಾದ್ರೆ ಚೂರು ಕೂರೋಣವೇನೆ?”

ಈ ಸಲ ಕಿಟಕಿಯ ಗಾಜು ಅದುರಿತು. ಮಧ್ಯಾಹ್ನದಿಂದ ಯಂತ್ರದ ಪರದೆ ನೋಡಿ ಹಾಡಿ ಸಾಕಾಗಿದ್ದ ಜನಕ್ಕೆ ತಮ್ಮದೇ ಬಾಯಿಯ ಪದ ಸಿಕ್ಕಿತ್ತು. ಅಜ್ಜಿಯರು ಎದ್ದು ನಾಟಿ ಮಾಡುವ ಹಾಗೆ ಬಾಗಿ ಕುಣಿದರು. ಡಾಕ್ಟರಮ್ಮ ತಟ್ಟೆ ಬಡಿದಳು. ಮಿಸಾಯೆ ಕಣ್ಣೊರೆಸಿಕೊಳ್ಳುತ್ತ ಚಪ್ಪಾಳೆ ತಟ್ಟುತ್ತಿದ್ದಳು. ಮತ್ತೊಮ್ಮೆ ಅಂದರು, ಹಾಡಿದ. ಇನ್ನೊಮ್ಮೆ ಅಂದರು, ಹಾಡಿದ. ಐವತ್ತೆರಡು ವರ್ಷದಲ್ಲಿ ತೋಕುಜಿಯ ಮಾತಿಗೆ ಅಷ್ಟು ಜನ ಒಟ್ಟಿಗೆ ಹೌದೆಂದದ್ದು ಅದೇ ಮೊದಲು. ಅವನ ಕಾಲು ನೆಲದ ಮೇಲಿರಲಿಲ್ಲ. ಸಾಲುಗಳು ಮುಗಿದಾಗ ಜನರ ನಡುವೆ ಇಳಿದು, ಯಾರು ಬೇಕಾದರೂ ಕೇಳಿ, ನಾನು ನ್ದ ಅನ್ನುತ್ತೇನೆ ಅಂದುಬಿಟ್ಟ. ಒಬ್ಬೊಬ್ಬರೇ ಒಂದೊಂದು ಸಾಲು ಕಟ್ಟಿ ಕೇಳಿದರು. ಅವನು ಮೈಕು ಬಾಯಿಗಿಟ್ಟು ಎಲ್ಲರಿಗಿಂತ ಮುಂಚೆ ಕೂಗಿದ.

ನರಿತಾ ಮೇಷ್ಟ್ರು ಇನ್ನೊಂದು ಮೈಕು ಕೈಗೆತ್ತಿಕೊಂಡರು. ಸ್ವರ ಹಿಡಿದು, ತುಸು ನಡುಗುವ ದನಿಯಲ್ಲಿ ಹಾಡಿದರು.

“ತೋಕುಜಿಯ ಗಂಟಲು ಗಟ್ಟಿಯೇನೆ?”

“ನ್ದ ನ್ದ.”

“ಎಲ್ಲರೂ ಅವನ ಮಾತು ಕೇಳ್ತೀರೇನೆ?”

“ನ್ದ ನ್ದ.”

“ಬರೋ ವರ್ಷ ಇವನೇ ಅಧ್ಯಕ್ಷನೇನೆ?”

ಇಡೀ ಭವನ ಒಂದೇ ಬಾಯಲ್ಲಿ ಕೂಗಿತು. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಜೋರಾಗಿ, ಧ್ವನಿವರ್ಧಕದಲ್ಲಿ ಕೇರಿಯ ಕೊನೆಯ ಮನೆಯವರೆಗೂ ಕೇಳುವಂತೆ ಕೂಗಿದವನು ತೋಕುಜಿ.

ಚಪ್ಪಾಳೆ ನಿಂತ ಮೇಲೂ ಅವನ ಕೈ ಗಾಳಿಯಲ್ಲೇ ಇತ್ತು. ಮಿಸಾಯೆ ಎದ್ದು ಚೀಲ ತೆಗೆದುಕೊಂಡು, ಬಸ್ಸಿನ ವೇಳೆ ಎಷ್ಟೆಂದು ಪಕ್ಕದವರನ್ನು ಕೇಳಿದಳು. ಮೇಷ್ಟ್ರು ಆತುರವೇ ಇಲ್ಲದೆ ಕೂತು, ನಲವತ್ತು ವರ್ಷ ಕರಿಹಲಗೆಯ ಮೇಲೆ ತಿದ್ದಿದ ದುಂಡು ಅಕ್ಷರಗಳಲ್ಲಿ ನಡಾವಳಿ ಪುಸ್ತಕಕ್ಕೆ ಬರೆದರು: ‘ಸರ್ವಾನುಮತ. ಅಭ್ಯರ್ಥಿಯೂ ಸೇರಿ.’