ಅರವತ್ತು ಮೀಟರಿನ ದಾರಿ

ನನ್ನ ಮೈದುನ ಪಂಪಾಪತಿ ನಮ್ಮ ಹೋಟೆಲಿನ ಮೆಟ್ಟಿಲ ಮೇಲೆ ಒಂದು ಡಬ್ಬಿ ತಂದಿಟ್ಟ. ಒಳಗೆ ಹಳೇ ಮಿಕ್ಸಿಯ ಮೋಟಾರು, ಮೇಲೊಂದು ಟೀವಿ ಡಿಶ್ಶು.

"ಅತ್ತಿಗೆ, ಇದು ದಾರಿ ಹಿಗ್ಗಿಸೋ ಯಂತ್ರ!"

ಹಿಗ್ಗಿಸಲು ಕಾರಣವಿತ್ತು. ಶಾಲೆಯಿಂದ ನೂರು ಮೀಟರಿನೊಳಗೆ ಮದ್ಯ ಬಡಿಸಲು ಲೈಸೆನ್ಸ್ ಇಲ್ಲ. ಸರ್ಕಾರಿ ಶಾಲೆ ನಮಗೆ ಅರವತ್ತೇ ಮೀಟರು. ಮಟನ್ ಸಾರಿನ ಜೊತೆ ಗ್ಲಾಸಿಲ್ಲವೆಂದು ಗಿರಾಕಿಗಳು ಎದ್ದು ಹೋಗುತ್ತಿದ್ದರು. ಈ ಸಲವೂ ಲೈಸೆನ್ಸ್ ಸಿಗದಿದ್ದರೆ ಹೋಟೆಲು ಮುಚ್ಚುವುದೇ ಸೈ ಎಂದಿದ್ದರು ನನ್ನ ಗಂಡ ಹುಲುಗಪ್ಪ.

ಪಂಪಾಪತಿ ಗುಂಡಿ ಒತ್ತಿದ. ಶಾಲೆ ಊರಾಚೆಯ ಗುಡ್ಡದಷ್ಟು ದೂರ ಸರಿಯಿತು. ಆದರೆ ಯಂತ್ರಕ್ಕೆ ಒಳಗು ಹೊರಗು ಗೊತ್ತಿರಲಿಲ್ಲ. ಅಡುಗೆಮನೆಯಿಂದ ಹೊರಟ ಸಾರು ಟೇಬಲ್ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಿತ್ತು. ಬೆಳಗಿನ ಪ್ರಾರ್ಥನೆಗೆ ಹೊರಟ ಹೆಡ್‌ಮಾಸ್ತರು ಬಿಸಿಯೂಟದ ಹೊತ್ತಿಗೆ ತಲುಪಿದರು. ಕೈ ತೊಳೆಯಲು ಹೋದ ನನ್ನ ಗಂಡ ಗಲ್ಲಾಕ್ಕೆ ಮರಳಲು ಆಟೋ ಕರೆಸಿ ಎಂದು ಕೂಗಿದರು.

ಮರುದಿನ ಅಬಕಾರಿ ಇನ್‌ಸ್ಪೆಕ್ಟರು ಬಂದು, ಶಾಲೆಯಿಂದ ನಮ್ಮ ಬಾಗಿಲ ತನಕ ಟೇಪು ಹಾಸುತ್ತಾ ನಡೆದರು. ಎರಡು ಕಡೆ ಕೂತು ಸುಧಾರಿಸಿಕೊಂಡು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಸಂಜೆಗೆ ತಲುಪಿದರು. ಟೇಪು ಅರವತ್ತೇ ಎಂದಿತು!

"ರಸ್ತೆ ಜೊತೆ ಟೇಪೂ ಹಿಗ್ಗುತ್ತೆ ಅತ್ತಿಗೆ, ಅದು ವಿಜ್ಞಾನ," ಎಂದ ಪಂಪಾಪತಿ.

"ಮೊದಲೇ ಬೊಗಳೋಕೆ ಏನಾಗಿತ್ತೋ?"

"ನೀವು ಕೇಳ್ಲಿಲ್ಲ."

"ನನ್ನ ಕಾಲು ಮೂರು ಮೈಲಿ ಅಂತಿದೆ," ಎಂದರು ಇನ್‌ಸ್ಪೆಕ್ಟರು. "ಆದ್ರೆ ಕಾನೂನಿನಲ್ಲಿ ಕಾಲಿಗೆ ಬೆಲೆ ಇಲ್ಲ ಕಣಮ್ಮ."

ಹಾಗಾದರೆ ಶಾಲೆಯ ಹಿಂದಿನ ಗೇಟಿಗೇ ಅಂಟಿಕೊಂಡಿರುವ ಶಾಸಕರ ಷಡ್ಡಕನ ಬಾರಿಗೆ ಲೈಸೆನ್ಸ್ ಹೇಗೆ ಕೊಟ್ಟಿರಿ ಎಂದು ಕೇಳಿದೆ. ಅಲ್ಲಿ ಟೇಪು ನೂರಾ ಎರಡು ತೋರಿಸಿತ್ತಂತೆ. ಅದಕ್ಕೆ ಯಾವ ಯಂತ್ರ ಬಳಸಿದ್ದರು ಎಂದು ಪಂಪಾಪತಿ ಆಸೆಯಿಂದ ವಿಚಾರಿಸಿದ. ಇನ್‌ಸ್ಪೆಕ್ಟರು ಬೂಟು ಹಾಕಿಕೊಳ್ಳತೊಡಗಿದರು.

ಅಷ್ಟರಲ್ಲಿ ಗುಂಡಿ ಸುಟ್ಟು, ಯಂತ್ರ ನಿಲ್ಲಿಸಲಿಕ್ಕೇ ಆಗದಂತಾಯಿತು. ಬೆಳಿಗ್ಗೆ ಅದನ್ನು ಸೊಪ್ಪಿನ ಬುಟ್ಟಿಯಲ್ಲಿಟ್ಟು, ಆ ಬಾರಿನ ಮೆಟ್ಟಿಲ ಕೆಳಗೆ ತುರುಕಿದೆ. ವಾಪಸು ಬರುವಷ್ಟರಲ್ಲಿ ಕತ್ತಲಾಗಿತ್ತು.

ನಮ್ಮ ಸಾರು ಮತ್ತೆ ಬಿಸಿಬಿಸಿಯಾಗೇ ಟೇಬಲ್ ಮುಟ್ಟತೊಡಗಿತು. ಈಗ ಬಾರಿಗೆ ಹೊರಟವರು ನಡೆದೂ ನಡೆದೂ ಸೋತು, ಹಸಿದು, ತಿರುಗಿ ನಮ್ಮಲ್ಲಿಗೇ ನುಗ್ಗುತ್ತಾರೆ. ಗ್ಲಾಸು ಕೇಳುವುದು ನೀರಿಗೆ ಮಾತ್ರ. ಹೋಟೆಲು ಮುಚ್ಚುವ ಮಾತನ್ನು ನನ್ನ ಗಂಡ ಎತ್ತುತ್ತಿಲ್ಲ, ಅವರಿಗೆ ಪುರುಸೊತ್ತಿಲ್ಲ.

ಶಾಸಕರು ತನಿಖೆಗೆ ಆದೇಶಿಸಿದ್ದಾರೆ. ತಂಡ ದಾರಿಯಲ್ಲಿದೆ, ಊಟ ನಮ್ಮಲ್ಲೇ.