ಔರಾದ್ ಬಸ್ಸಿನಲ್ಲಿ ನಮ್ಮ ವೀರನ ಚೀಲ

ಬೆಳಗ್ಗೆ ಬೀದರ್‌ನಿಂದ ಔರಾದಿಗೆ, ಸಂಜೆ ಔರಾದಿನಿಂದ ಬೀದರ್‌ಗೆ ದಿನಾ ಓಡಾಡುವವರಿಗೆ ನಮ್ಮ ಕಡೆ ‘ಅಪ್-ಡೌನ್ ಮಂದಿ’ ಎನ್ನುತ್ತಾರೆ. ಅದೇ ಬಸ್ಸು, ಅದೇ ಸೀಟು, ಅದೇ ಮುಖಗಳು. ಇಂಥ ಕಡೆ ನಗುವಂಥದ್ದು ಏನು ನಡೆದೀತು ಎಂದು ನೀವು ಕೇಳಬಹುದು. ಮುಖಗಳು ಅವೇ ಆಗಿರುವುದರಿಂದಲೇ ನಡೆಯುತ್ತದೆ, ಅದೂ ವಾರಕ್ಕೆ ಎರಡು ಸಲ.

ನಾನು ಔರಾದಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬಸ್ಸಿನಲ್ಲಿ ಪುಸ್ತಕ ಓದಿದರೆ ತಲೆ ಸುತ್ತುತ್ತದೆ, ನಿದ್ದೆ ಮಾಡಿದರೆ ಕುತ್ತಿಗೆ ಹಿಡಿಯುತ್ತದೆ. ಹಾಗಾಗಿ ಮೊಬೈಲಿನಲ್ಲಿ ಒಂದು ಆಟ ಹಾಕಿಕೊಂಡೆ. ಆಟಕ್ಕೆ ಮಾತ್ರ ತಲೆ ಸುತ್ತಲಿಲ್ಲ, ಯಾಕೆಂದು ವಿಜ್ಞಾನದವಳಾದ ನನಗೂ ತಿಳಿದಿಲ್ಲ. ಆಟ ಇಷ್ಟೇ. ಒಬ್ಬ ವೀರ ಊರೂರು ತಿರುಗಬೇಕು, ಜನ ಹೇಳಿದ ಕೆಲಸ ಮಾಡಿಕೊಡಬೇಕು, ದಾರಿಯಲ್ಲಿ ಸಿಕ್ಕಿದ ಸಾಮಾನು ಚೀಲಕ್ಕೆ ತುಂಬಿಕೊಳ್ಳುತ್ತ ಕೊನೆಗೆ ರಾಜನ ಕೋಟೆ ಸೇರಬೇಕು.

ಒಬ್ಬಳೇ ಆಡಬೇಕೆಂದಿದ್ದೆ. ಬಸ್ಸಿನಲ್ಲಿ ಒಬ್ಬಳೇ ಏನನ್ನಾದರೂ ಮಾಡಿದವರುಂಟೆ?

ಮುರುಕು ಕತ್ತಿಗೆ ಅರ್ಜಿ

ನನ್ನ ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದವರು ಔರಾದಿನ ಒಂದು ಸರಕಾರಿ ಕಚೇರಿಯ ರಿಕಾರ್ಡ್ ರೂಮ್ ನೋಡಿಕೊಳ್ಳುವವರು. ಇಡೀ ಬಸ್ಸು ಅವರಿಗೆ ಕಾಕಾ ಎನ್ನುತ್ತಿತ್ತು. ಹಳೆಯ ಫೈಲುಗಳ ನಡುವೆ ಮೂವತ್ತಾರು ವರ್ಷ ಕಳೆದವರು. ಒಂದು ವಾರ ನನ್ನ ಭುಜದ ಮೇಲಿಂದ ಸುಮ್ಮನೆ ಇಣುಕಿದರು. ಎಂಟನೆಯ ದಿನ ವೀರನ ಚೀಲ ತುಂಬಿತು, ನಾನು ಒಂದು ಮುರುಕು ಕತ್ತಿಯನ್ನು ಎಸೆಯಲು ಹೋದೆ.

"ಏ ಮೇಡಂರ, ಏನ್ ಮಾಡ್ಲಕತ್ತೀರಿ?" ಹಿಂದಿನಿಂದ ಕೂಗು ಬಂತು.

"ಬಿಸಾಡ್ಲಕತ್ತೇನಿ ಕಾಕಾ. ಚೀಲದಾಗ ಜಾಗಾ ಇಲ್ಲ."

"ಯಾರಿಗಿ ಕೇಳಿ ಬಿಸಾಡ್ತೀರಿ? ಜಾಗಾ ಇಲ್ಲಂದ್ರ ಸಾಮಾನು ಬರಾಬರಿ ಹಚ್ಚಿಲ್ಲ ಅಂತ ಅರ್ಥ. ಕೊಡ್ರಿ ಇಲ್ಲಿ."

ಮೊಬೈಲು ಅವರ ಕೈಗೆ ಹೋಯಿತು. ಸಂತಪುರ ದಾಟುವಷ್ಟರಲ್ಲಿ ಚೀಲ ನಾಲ್ಕು ಭಾಗವಾಗಿತ್ತು. ಎಂದೆಂದಿಗೂ ಇಡತಕ್ಕದ್ದು, ಮೂವತ್ತು ವರ್ಷ ಇಡತಕ್ಕದ್ದು, ಹತ್ತು ವರ್ಷ ಇಡತಕ್ಕದ್ದು, ಮತ್ತು ‘ಇತರೆ’. ನಲವತ್ತೆರಡು ಎಲುಬು, ಒಂಟಿ ಚಪ್ಪಲಿ, ಒಣಗಿದ ಅಣಬೆ, ಎಲ್ಲಕ್ಕೂ ಒಂದೊಂದು ಜಾಗ ಸಿಕ್ಕಿತು. ಮುರುಕು ಕತ್ತಿ ‘ಎಂದೆಂದಿಗೂ’ ಭಾಗದಲ್ಲಿ ಕುಳಿತಿತ್ತು.

"ಇದು ಎದಕ್ಕ ಬರ್ತದ ಕಾಕಾ? ತರಕಾರಿನೂ ಕೊಯ್ಯಲಿಕ್ಕ ಬರಂಗಿಲ್ಲ" ಎಂದೆ.

ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬರಂಗಿಲ್ಲ, ಖರೆ. ಆದರ ನಾಳೆ ಯಾರರೆ ಇದರ ನಕಲು ಬೇಕಂತ ಅರ್ಜಿ ಹಾಕಿದ್ರ ಏನ್ ಕೊಡ್ತೀರಿ?"

ರಸ್ತಾ ಕೇಳಿದ್ದು

ಅಂದಿನಿಂದ ಹೆಬ್ಬೆರಳು ನನ್ನದು, ಬುದ್ಧಿ ಕಾಕಾನದು ಎಂದಾಯಿತು. ಆಗ ಅವರ ನಿವೃತ್ತಿಗೆ ಐದು ತಿಂಗಳಿತ್ತು. ಅವರಿಗೊಂದು ಹಠ. "ನನ್ನ ಟೇಬಲ್ ಮ್ಯಾಲ ಒಂದು ಕಾಗದ ಬಾಕಿ ಬಿಟ್ಟಿಲ್ರಿ. ಈ ಆಟನೂ ಬಾಕಿ ಇಟ್ಟು ಬಸ್ ಇಳಿಯಂಗಿಲ್ಲ. ಕಡೀ ದಿನದೊಳಗ ರಾಜನ ಕೋಟಿ ಮುಟ್ಟಬೇಕು." ಅವರದು ಒತ್ತಿದರೆ ಸದ್ದು ಮಾಡುವ ಹಳೆಯ ಫೋನು. ಇಳಿದ ಮೇಲೆ ಆಟ ಅವರಿಗೆಲ್ಲಿ ಸಿಗಬೇಕು? ಹಾಗಾಗಿ ನನಗೂ ಅದು ಪರೀಕ್ಷೆಗೆ ಮುಂಚೆ ಸಿಲೆಬಸ್ ಮುಗಿಸಿದಂತೆ ಗಡಿಬಿಡಿಯ ಕೆಲಸವಾಯಿತು.

ಒಂದು ದಿನ ವೀರ ಒಂದು ಗವಿ ಹುಡುಕಬೇಕಿತ್ತು. ಪರದೆಯ ಮೂಲೆಯಲ್ಲಿ ಬಾಣ ದಾರಿ ತೋರುತ್ತಿತ್ತು. ಅಷ್ಟರಲ್ಲಿ ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಬಗ್ಗಿ ನೋಡಿದ.

"ಬಾಣ ಎದಕ್ಕ ನೋಡ್ತೀರಿ ಮೇಡಂ? ಬಾಣಕ್ಕೇನ್ ಗೊತ್ತು? ಅಲ್ಲಿ ಒಬ್ಬಂವ ನಿಂತಾನಲ್ಲ, ಅಂವಂಗ ಕೇಳ್ರಿ."

ಕಂಡಕ್ಟರನ ಮಾತಿಗೆ ಬೇಡವೆನ್ನಲಾಗುವುದೇ? ಕೇಳಿದೆ. ಬಾವಿಯ ಪಕ್ಕ ನಿಂತ ಆ ಮನುಷ್ಯ, "ಈಚೆಗೆ ಬಾವಿಯ ನೀರು ತಣ್ಣಗಿದೆ" ಎಂದ. ಇನ್ನೊಮ್ಮೆ ಕೇಳಿದೆ. ಅದೇ ಮಾತು. ಕಾಕಾ ಕೇಳಿಸಿದರು, ಅದೇ ಮಾತು. ಹನ್ನೊಂದನೆಯ ಸಲಕ್ಕೂ ಬಾವಿಯ ನೀರು ತಣ್ಣಗೇ ಇತ್ತು.

"ನೋಡಿದ್ರ್ಯಾ? ಯಂತ್ರದ ಮನುಷ್ಯ. ಒಂದೇ ಮಾತು ಕಲಿಸಿರ್ತಾರ" ಎಂದೆ.

ಕಂಡಕ್ಟರ್ ತಲೆ ಅಲ್ಲಾಡಿಸಿದ. "ಯಂತ್ರ ಅಲ್ರಿ, ಇಂಥಾ ಮಂದಿ ಇರ್ತಾರ. ನಾ ಮೊದಲಿದ್ದ ಊರಿನ ಬಸ್ ಸ್ಟ್ಯಾಂಡಿನಾಗ ಎನ್‌ಕ್ವಯರಿಗಿ ಒಬ್ಬಂವ ಕೂಡ್ತಿದ್ದ. ಯಾರ್ ಏನ್ ಕೇಳಿದ್ರೂ ‘ಬರ್ತದ, ಕೂಡ್ರಿ’ ಅಂತಿದ್ದ. ಒಬ್ಬಾಕಿ ಮುದುಕಿ ಬಂದು, ‘ಯಪ್ಪಾ, ನನ್ನ ಸೊಸಿ ಎಲ್ಲಿ ಹೋದಳೋ ಕಾಣವಲ್ಲಳು’ ಅಂದ್ರ ಆಕಿಗೂ ‘ಬರ್ತದ, ಕೂಡ್ರಿ’ ಅಂದ."

"ಆಮ್ಯಾಲ?" ಎಂದರು ಕಾಕಾ.

"ಆಮ್ಯಾಲೇನು, ಸೊಸಿ ಬಂದಳ್ರಿ."

ಸೇತುವೆಯ ಮೇಲಿನ ಗೂಳಿ

ನಮ್ಮ ಗುಂಪಿಗೆ ಆಮೇಲೆ ಸೇರಿದವರು ದನದ ಡಾಕ್ಟರು. ಔರಾದಿನಲ್ಲಿಳಿದು ಚಿಂತಾಕಿಯ ಬಸ್ಸು ಹಿಡಿಯುವ, ಮೂವತ್ತು ದಾಟಿದ ಗಂಭೀರ ಮನುಷ್ಯ. ಆಟವೆಂದರೆ ಅವರಿಗೆ ತಾತ್ಸಾರ. ಆದರೆ ನಮ್ಮ ವೀರ ಒಂದು ಸೇತುವೆಯ ಹತ್ತಿರ ಬಂದಾಗ ಅಲ್ಲೊಂದು ದೈತ್ಯ ಗೂಳಿ ಅಡ್ಡ ನಿಂತಿತ್ತು. ಅದನ್ನು ಕೊಂದು ದಾರಿ ಬಿಡಿಸಬೇಕೆಂದು ಊರ ಗೌಡ ಹೇಳಿದ್ದ. ನಾನು ಕತ್ತಿ ಎತ್ತಿದೆ.

"ತಡೀರಿ ಮೇಡಂ" ಎಂದು ಡಾಕ್ಟರು ಪಕ್ಕದ ಸೀಟಿನಿಂದ ಎದ್ದುಬಂದರು. "ಅದರ ಹಿಂದಿನ ಎಡಗಾಲು ನೋಡ್ರಿ. ಊರಂಗಿಲ್ಲದು. ಗೊರಸಿನಾಗ ಏನೋ ಆಗ್ಯದ. ನೋವಿಗಿ ಸಿಟ್ಟಾಗ್ಯದ ಪಾಪ, ಅದಕ್ಕ ಹೊಡಿಬ್ಯಾಡ್ರಿ."

ಕತ್ತಿ ಕೆಳಗಿಳಿಯಿತು. ಡಾಕ್ಟರು ಚೀಲದಲ್ಲಿ ಏನೇನಿದೆ ಎಂದು ವಿಚಾರಿಸಿದರು. ಕಾಕಾ ಒಂದು ಕ್ಷಣವೂ ಹುಡುಕದೆ, "ಗಿಡಮೂಲಿಕಿ, ಹತ್ತು ವರ್ಷದ ಭಾಗ, ಮೂರನೇ ಸಾಲು" ಎಂದರು. ಅವರ ಜೋಡಣೆಯ ಬಗ್ಗೆ ನನಗೆ ಮೊದಲ ಸಲ ಗೌರವ ಬಂತು. ಹಸಿರು ಸೊಪ್ಪು ಆರು ಸಲ ತಿನ್ನಿಸಿದೆವು. ಗೂಳಿಯ ತಲೆಯ ಮೇಲೆ ಅದರ ಜೀವ ಎಷ್ಟಿದೆ ಎಂದು ತೋರಿಸುವ ಕೆಂಪು ಗೆರೆ ಬೆಳೆಯುತ್ತ ಬೆಳೆಯುತ್ತ ಪೂರ್ತಿ ಆಯಿತು. ಕುಂಟು ಹೋಯಿತು. ಗೂಳಿ ನಾಲ್ಕೂ ಕಾಲೂರಿ ನಿಂತು ಕೊಂಬು ಬಗ್ಗಿಸಿ ಓಡಿಬಂದು ನಮ್ಮ ವೀರನನ್ನು ಎತ್ತಿ ನದಿಗೆ ಒಗೆಯಿತು. ವೀರ ಸತ್ತ. ಮೂರು ದಿನದ ಆಟ ನೀರುಪಾಲು.

ಕಾಕಾ ಹಣೆ ಹಿಡಿದುಕೊಂಡರು. ಕಡೀ ದಿನಕ್ಕೆ ಲೆಕ್ಕ ಹಾಕಿಟ್ಟಿದ್ದ ದಿನಗಳಲ್ಲಿ ಮೂರು ಹೋಗಿದ್ದವು. ನನಗೂ ಅಳು ಬರುವುದೊಂದು ಬಾಕಿ. ಡಾಕ್ಟರ ಮುಖ ಮಾತ್ರ ಹೂವಿನಂತೆ ಅರಳಿತ್ತು.

"ನೋಡಿದ್ರ್ಯಾ?" ಎಂದರು. "ಔಷಧ ಹ್ಯಾಂಗ್ ಹತ್ತಿತು!"

ಭಾಲ್ಕಿಯ ಕೀಲಿ

ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆಂದು ಒಂದು ಭಾನುವಾರ ಭಾಲ್ಕಿಗೆ ಹೋಗಿದ್ದೆ. ಖಟಕ ಚಿಂಚೋಳಿಯಿಂದ ಬೀಗರು, ಅಕ್ಕಪಕ್ಕದವರು, ಮಕ್ಕಳು, ಮನೆ ಗಿಜಿಗುಡುತ್ತಿತ್ತು. ಬುಂದಿ ಉಂಡಿಗಳನ್ನೆಲ್ಲ ಒಂದು ಖೋಲಿಯಲ್ಲಿಟ್ಟು ಕೀಲಿ ಹಾಕಿದ್ದರು. ಕೀಲಿ ನಮ್ಮ ದೊಡ್ಡಪ್ಪನ ಉಡದಾರದಲ್ಲಿ. ನಮ್ಮ ಮನೆತನದ ಯಾವ ಕಾರ್ಯವಾದರೂ ಉಂಡಿಯ ಖೋಲಿಗೆ ಅವರೇ ಕಾವಲು, ಎಣಿಸಿಯೇ ಕೊಡುತ್ತಾರೆ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕಾಕಾನ ಫೋನು. ಶನಿವಾರ ನಮ್ಮ ವೀರ ಒಂದು ಗೋಪುರದ ಮುದಿ ಮಾಂತ್ರಿಕನ ಎದುರು ನಿಂತುಬಿಟ್ಟಿದ್ದ. ಕಾಕಾನಿಗೆ ಅದೇ ಚಿಂತೆ, ಊಟ ಸೇರಿಲ್ಲವಂತೆ. ಗದ್ದಲದಲ್ಲಿ ಕೇಳಿಸಬೇಕಲ್ಲ, ಪಡಸಾಲೆಯ ನಡುವೆ ನಿಂತು ಗಟ್ಟಿಯಾಗಿ ಹೇಳಿದೆ.

"ಮುದುಕ ಸುಮ್ನ ಕೇಳಿದ್ರ ಕೊಡಂಗಿಲ್ಲ ಕಾಕಾ. ಕೀಲಿ ಸೊಂಟಕ್ಕೇ ಕಟ್ಟಿಕೊಂಡಾನ. ಹುಷಾರ್ ಅದಾನ. ಹಿಂದಿನಿಂದ ಹೋಗಿ ಒಂದೇ ಏಟಿಗಿ ಮುಗಿಸಿಬಿಡೋಣ. ಡಾಕ್ಟರೂ ಜೋಡಿ ಇರ್ತಾರ, ನೀವ್ ಚಿಂತಿ ಮಾಡಬ್ಯಾಡ್ರಿ."

ಫೋನಿಟ್ಟು ತಿರುಗಿದರೆ ಪಡಸಾಲೆಯ ಕಣ್ಣೆಲ್ಲ ನನ್ನ ಮೇಲೆ. ಬಡಿಸುವವಳ ಸೌಟಿನಿಂದ ಸಾರು ನೆಲಕ್ಕೆ ಸುರಿಯುತ್ತಿದೆ. ಬೀಗರ ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಸರಿಯುತ್ತಿದ್ದಾರೆ. ಏನಾಯಿತೆಂದು ನನಗೆ ಹೊಳೆಯುವ ಮೊದಲೇ ದೊಡ್ಡಪ್ಪ ಕೋಲೂರಿಕೊಂಡು ಮೆಲ್ಲಗೆ ಬಂದರು. ಉಡದಾರದಿಂದ ಕೀಲಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು.

"ತಗೋ ಅವ್ವಾ" ಎಂದರು. "ಎರಡು ಉಂಡಿ ಸಲುವಾಗಿ ಡಾಕ್ಟರನ್ನ ಯಾಕ ಕರಿಸ್ತಿ?"

ಚಾರ್ಜ್ ಪಟ್ಟಿ

ಕೊನೆಗೂ ಆ ಶುಕ್ರವಾರ ಬಂತು. ತಿಂಗಳ ಕೊನೆಯ ದಿನ, ಕಾಕಾನ ಕೊನೆಯ ಬಸ್ಸು. ಕಚೇರಿಯಲ್ಲಿ ಶಾಲು ಹೊದಿಸಿ ಹಾರ ಹಾಕಿ ಕಳಿಸಿದ್ದರು. ರಿಕಾರ್ಡ್ ರೂಮಿನ ಪ್ರತಿಯೊಂದು ಫೈಲನ್ನೂ ಪಟ್ಟಿ ಮಾಡಿ, ಹೊಸಬರಿಂದ ‘ತೆಗೆದುಕೊಂಡೆ’ ಎಂದು ಸಹಿ ಮಾಡಿಸಿಕೊಂಡು, ಚಾರ್ಜ್ ಕೊಟ್ಟು ಬಂದಿದ್ದರು. ಈಗ ಉಳಿದದ್ದು ನಮ್ಮ ಆಟವೊಂದೇ, ಅದಕ್ಕೆ ಉಳಿದದ್ದು ಒಂದು ತಾಸು. ಡಾಕ್ಟರು ನನ್ನ ಬಲಕ್ಕೆ, ಕಾಕಾ ಎಡಕ್ಕೆ, ಕಂಡಕ್ಟರ್ ಟಿಕೆಟ್ ಮುಗಿಸಿ ಎದುರಿಗೆ. ಬೀದರಿನ ದೀಪಗಳು ಕಾಣುವ ಹೊತ್ತಿಗೆ ವೀರ ರಾಜನ ಕೋಟೆಯ ಬಾಗಿಲು ಮುಟ್ಟಿದ.

ಬಾಗಿಲಲ್ಲಿ ಒಬ್ಬ ಕಾವಲುಗಾರ. "ಹೊತ್ತದ್ದನ್ನೆಲ್ಲ ಇಲ್ಲಿಟ್ಟು ಬರಿಗೈಲಿ ಒಳಗೆ ಹೋಗು" ಎಂದ. ಕೆಳಗೆ ‘ಹೌದು’, ‘ಇಲ್ಲ’ ಎಂದಿತ್ತು. ಹೆಬ್ಬೆರಳು ‘ಹೌದು’ ಮುಟ್ಟುವಷ್ಟರಲ್ಲಿ ಕಾಕಾ ನನ್ನ ಕೈ ಹಿಡಿದರು.

"ರಸೀದಿ?"

"ಯಾವ ರಸೀದಿ ಕಾಕಾ?"

"ಚೀಲದಾಗ ಮುನ್ನೂರಾ ಹನ್ನೆರಡು ಸಾಮಾನು ಅವ. ಪಟ್ಟಿ ಇಲ್ಲ, ಸಹಿ ಇಲ್ಲ, ಯಾರೋ ಅಂವ ಇಡು ಅಂದ, ಇಟ್ಟುಬಿಡೋದೇನು? ನಾಳೆ ಇಲ್ಲ ಅಂದ್ರ ಜವಾಬ್ದಾರ್ ಯಾರು?"

ನಗಬೇಕೆಂದುಕೊಂಡೆ. ಆದರೆ ಅವರ ಮುಖ ನೋಡಿ ಆಗಲಿಲ್ಲ. ಪರದೆಯ ಕಾವಲುಗಾರ ರಸೀದಿ ಕೊಡುವ ಜಾತಿಯವನಲ್ಲ, ಕಾಕಾ ರಸೀದಿ ಇಲ್ಲದೆ ಕೊಡುವ ಜಾತಿಯವರಲ್ಲ. ಅವರು ಬ್ಯಾಗಿನಿಂದ ಬಿಳಿ ಹಾಳೆ ತೆಗೆದರು, ನಡುವೆ ಕಾರ್ಬನ್ ಇಟ್ಟರು, ಬರೆಯತೊಡಗಿದರು. ನಾನು ಓದಿ ಹೇಳುತ್ತ ಹೋದೆ. ಬಸ್ಸು ಬೀದರ್ ನಿಲ್ದಾಣ ಸೇರಿತು, ಜನ ಇಳಿದುಹೋದರು, ಡ್ರೈವರ್ ಹಾರ್ನ್ ಹೊಡೆದ. ನಾವು ನೂರಾ ನಲವತ್ತರಲ್ಲಿದ್ದೆವು.

"ಕಾಕಾ, ಗಾಡಿ ಡಿಪೋಕ್ಕ ಹೋಗಬೇಕ್ರಿ" ಎಂದ ಕಂಡಕ್ಟರ್.

"ಹೋಗ್ರಿ. ನಾ ಬರಕೊಂತ ಬರ್ತೇನಿ."

ಡ್ರೈವರನೂ ಎದ್ದುಬಂದು ನೋಡಿದ. ನೋಡಿದವನು ಹಾರ್ನ್ ಹೊಡೆಯುವುದು ಬಿಟ್ಟು ದೀಪ ಹಾಕಿಕೊಟ್ಟ. ಮುನ್ನೂರಾ ಹನ್ನೆರಡೂ ಮುಗಿದವು. ಡಾಕ್ಟರು ಸಾಕ್ಷಿಯೆಂದು ಸಹಿ ಹಾಕಿದರು. ತೆಗೆದುಕೊಂಡವರ ಸಹಿಯ ಜಾಗ ಮಾತ್ರ ಖಾಲಿ.

ಕಂಡಕ್ಟರ್ ಮುಂದೆ ಬಂದ. "ಕೊಡ್ರಿ, ನಾ ಮಾಡ್ತೇನಿ."

ಕಾಕಾ ಅನುಮಾನಿಸಿದರು. "ನಿಮಗ ಅಧಿಕಾರ ಅದ ಏನ್ರಿ?"

"ಬಸ್ಸಿನಾಗ ಬಿಟ್ಟುಹೋದ ಸಾಮಾನಿಗಿ ನಾನೇ ಜವಾಬ್ದಾರ್ರಿ ಕಾಕಾ. ಈ ಮೊಬೈಲ್ ಬಸ್ಸಿನಾಗೇ ಅದಲ್ಲ?"

ಕಾಕಾನ ಮನಸ್ಸಿಗೆ ಬಂತು. ಸಹಿಯಾಯಿತು. ನಾನು ‘ಹೌದು’ ಒತ್ತಿದೆ. ಬಾಗಿಲು ತೆರೆಯಿತು. ಒಳಗೆ ಯುದ್ಧವಿಲ್ಲ, ರಾಕ್ಷಸನಿಲ್ಲ. ಒಬ್ಬ ಮುದಿ ರಾಜ ಕಟ್ಟೆಯ ಮೇಲಿದ್ದ. "ಬಂದೆಯಾ? ಕೂಡು" ಎಂದ. ಆಟ ಮುಗಿಯಿತು.

"ಇಷ್ಟೇನಾ?" ಎಂದರು ಡಾಕ್ಟರು.

"ಇಷ್ಟು ದಿನ ಹೊತ್ತವಂಗ ಕೂಡು ಅಂದ್ರ ಸಾಕಲ್ರೀ" ಎಂದರು ಕಾಕಾ. ಕಾರ್ಬನ್ ಪ್ರತಿ ಮಡಚಿ ಜೇಬಿಗಿಟ್ಟು, ಎಲ್ಲರಿಗೂ ಕೈಮುಗಿದು ಇಳಿದರು.

ಶನಿವಾರ ಹಿಂದಿನ ಸೀಟಿನಲ್ಲಿ ಯಾರೋ ಸೋಯಾಬೀನ್ ಚೀಲ ಇಟ್ಟಿದ್ದರು. ನನಗೆ ಮೊಬೈಲು ತೆಗೆಯುವ ಮನಸ್ಸಾಗಲಿಲ್ಲ. ಡಾಕ್ಟರೂ ಔರಾದ್ ಬರುವ ತನಕ ಕಿಟಕಿ ನೋಡಿದರು.

ಸೋಮವಾರ ಬೆಳಗ್ಗೆ ಬಸ್ ಹತ್ತಿದರೆ ಕಾಕಾ! ಅದೇ ಸೀಟು, ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಊಟದ ಡಬ್ಬಿ. ಇಷ್ಟು ಸಂತೋಷವಾಗಿದ್ದು ನನಗೆ ಈಚೆಗೆ ನೆನಪಿಲ್ಲ.

"ರಿಟೈರ್ ಆದ್ರಿ ಅಲ್ರೀ ಕಾಕಾ?" ಎಂದ ಕಂಡಕ್ಟರ್.

"ಆಗೇನಿ. ಆದರ ಆ ಚೀಲದ ಪಟ್ಟಿಯೊಳಗ ತಪ್ಪಾಗ್ಯದ. ಕೆಂಪು ಶೀಸೆ ಹದಿನೇಳು ಅಂತ ಎರಡು ಕಡಿ ಬರದೇನಿ. ತಿದ್ದುಪಡಿ ಮಾಡಬೇಕು. ಔರಾದಿಗಿ ಒಂದು ಟಿಕೆಟ್ ಕೊಡ್ರಿ."

"ಒಂದು ಗೆರಿ ಎಳದ್ರ ಮುಗೀತಲ್ಲ ಕಾಕಾ" ಎಂದೆ ನಾನು. "ಅದಕ್ಕ ಔರಾದಿನ ತನಕಾ ಯಾಕ ಬರ್ತೀರಿ?"

ಕಾಕಾ ಡಬ್ಬಿಯನ್ನು ಸೀಟಿನ ಕೆಳಗೆ ಭದ್ರವಾಗಿಟ್ಟು, ಆರಾಮಾಗಿ ಹಿಂದೆ ಒರಗಿದರು.

"ಮೇಡಂರ, ತಿದ್ದುಪಡಿ ಒಂದು ದಿನದಾಗ ಆಗಿದ್ದು ನೀವ್ ಎಲ್ಲರೆ ನೋಡೀರೇನು? ಕಡಿಮಿ ಅಂದ್ರೂ ಆರು ತಿಂಗಳ ಓಡಾಡಬೇಕಾಗ್ತದ."